ಮೊಮ್ಮಗಳ ಕೋಣೆಯ ಟೀವಿ

ಬಾಡಿಗೆ ಮನೆಯಲ್ಲಿರುವವರಿಗೆ ಗೋಡೆ ಎಂಬುದು ನೋಡುವುದಕ್ಕಷ್ಟೇ ಸ್ವಂತ. ಅದಕ್ಕೊಂದು ಮೊಳೆ ಹೊಡೆಯಬೇಕಾದರೂ ಮನೆ ಮಾಲೀಕರ ಅಪ್ಪಣೆ ಬೇಕು. ಗಾರೆ ಉದುರೀತು, ಬಣ್ಣ ಕೆಟ್ಟೀತು ಎಂಬ ಅವರ ಆತಂಕ ನ್ಯಾಯವಾದದ್ದೇ. ಹೀಗಾಗಿ ನನ್ನ ದೀರ್ಘವಾದ ಬಾಡಿಗೆ ಬದುಕಿನಲ್ಲಿ ನಾನು ಹೊಡೆದ ಮೊಳೆಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು: ಕ್ಯಾಲೆಂಡರಿಗೊಂದು, ತಂದೆಯವರ ಫೋಟೋಗೊಂದು, ಗಡಿಯಾರಕ್ಕೊಂದು. ಮೂರನೆಯದು ಸೊಟ್ಟಗಾದ ಕಾರಣ ನಮ್ಮ ಗಡಿಯಾರ ಯಾರ ಗುಟ್ಟನ್ನೋ ಕದ್ದು ಕೇಳುವವರ ಹಾಗೆ ಸದಾ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಇಂಥ ನಾನು ಒಂದೇ ದಿನ, ಒಂದೇ ಕೋಣೆಯಲ್ಲಿ, ನಾಲ್ಕು ತೂತು ಕೊರೆಸಿದೆನೆಂದರೆ ಅದರ ಹಿಂದೆ ಯಾವುದೋ ಮಹದುದ್ದೇಶವಿತ್ತೆಂದು ನೀವು ಊಹಿಸಬೇಕು. ಇತ್ತು. ಮೊಮ್ಮಗಳು ಮಲಗುವ ಕೋಣೆಯಲ್ಲಿ ನಾನೊಂದು ಟೀವಿ ತೂಗುಹಾಕಿಸಿದೆ. ಅದೂ ಕನ್ನಡ ಭಾಷೆಯ ಹಿತಕ್ಕಾಗಿ.

ನೀವು ನಗುವ ಮೊದಲು ನನ್ನ ವೃತ್ತಿಯನ್ನು ಹೇಳಿಬಿಡುವುದು ಲೇಸು. ನಾನು ಮುದ್ರಣಾಲಯವೊಂದರಲ್ಲಿ ಮೂವತ್ತೈದು ವರ್ಷ ಕರಡಚ್ಚು ತಿದ್ದಿದವನು. ಪರರ ತಪ್ಪುಗಳೇ ನನ್ನ ಅನ್ನವಾಗಿದ್ದವು. ಇಂಥ ಉದ್ಯೋಗ ಮನುಷ್ಯನ ಸ್ವಭಾವಕ್ಕೆ ಒಳ್ಳೆಯದಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಕಾಗುಣಿತ ಕಣ್ಣಿಗೆ ಬೀಳುತ್ತದೆ; ಹೋಟೆಲಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಒಳಗಿನ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ನಿವೃತ್ತನಾದ ಮೇಲೆ ತಿದ್ದುವುದಕ್ಕೆ ಕಾಗದ ಸಿಗದೆ ಮನೆಯವರನ್ನೇ ಪೂರ್ಣಾವಧಿಯಾಗಿ ತಿದ್ದತೊಡಗಿದೆ. ಹೆಂಡತಿ ಗಿರಿಜೆ ನಲವತ್ತು ವರ್ಷ ತಿದ್ದಿಸಿಕೊಂಡು, ಈಗ ಬೇಕಾದಾಗ ಕಿವಿ ಕೇಳಿಸದಂತಿರುವ ಕಲೆಯಲ್ಲಿ ಪಾರಂಗತಳು. ಮಗ ಬ್ಯಾಂಕಿನಲ್ಲಿದ್ದಾನೆ, ಹುಬ್ಬಳ್ಳಿಗೆ ವರ್ಗವಾಗಿ ಎರಡು ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಸೊಸೆ ಸೌಮ್ಯ ಜಯನಗರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಇನ್ನು ತಿದ್ದಲು ಉಳಿದವಳು ಒಬ್ಬಳೇ, ನಮ್ಮ ಮೊಮ್ಮಗಳು ಇಂಚರ. ಅವಳಿಗಾಗ ಒಂದೂವರೆ ವರ್ಷ. ಅವಳ ಬಾಯಿಂದ ಇನ್ನೂ ತಪ್ಪೇ ಹೊರಬಂದಿರಲಿಲ್ಲವಾದ್ದರಿಂದ ತಪ್ಪು ಹುಟ್ಟುವ ಮೊದಲೇ ತಿದ್ದಿಬಿಡುವ ಸದವಕಾಶ ನನ್ನ ಮುಂದಿತ್ತು.

ನಾವಿರುವುದು ಕೋಣನಕುಂಟೆಯ ಒಂದು ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಮಾಲೀಕರಾದ ಮುನಿಯಮ್ಮನವರು. ಈ ಮೂರಂತಸ್ತಿನ ಕಟ್ಟಡ ನಿಂತಿರುವಲ್ಲಿ ಹಿಂದೆ ಅವರ ರಾಗಿ ಹೊಲವಿತ್ತು. ನಮ್ಮ ಅಡುಗೆಮನೆ ಇರುವ ಕಡೆ ಬದು ಇತ್ತೆಂದೂ ಅಲ್ಲಿ ಅವರ ಅತ್ತೆ ಬುತ್ತಿ ಬಿಚ್ಚಿ ಕೂರುತ್ತಿದ್ದರೆಂದೂ ಅವರು ಹೇಳಿದ ಮೇಲೆ ನಮ್ಮ ಗಿರಿಜೆ ಒಲೆಯ ಮುಂದೆ ತುಸು ಭಯಭಕ್ತಿಯಿಂದ ನಿಲ್ಲುತ್ತಾಳೆ. ನನ್ನ ಕನ್ನಡಕವನ್ನೂ ಜೇಬಿನ ಕೆಂಪು ಪೆನ್ನನ್ನೂ ಕಂಡು ಮುನಿಯಮ್ಮನವರು ಮೊದಲ ದಿನದಿಂದಲೇ ನನ್ನನ್ನು ‘ಮೇಷ್ಟ್ರೇ’ ಎಂದು ಕರೆಯತೊಡಗಿದರು. ನಾನು ಹುಟ್ಟಿದಾರಭ್ಯ ಯಾರಿಗೂ ಪಾಠ ಹೇಳಿದವನಲ್ಲ. ಆದರೆ ಜನ್ಮವಿಡೀ ತಪ್ಪು ತಿದ್ದಿದವನು ಈ ಒಂದು ತಪ್ಪನ್ನು, ಅದರಿಂದ ನನಗೇ ಲಾಭವಿದ್ದ ಕಾರಣ, ಹಾಗೆಯೇ ಉಳಿಸಿಕೊಂಡೆ.

ಮುನಿಯಮ್ಮನವರಿಗೆ ಮಗು ಎಂದರೆ ಪ್ರಾಣ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಇಂಚರಳನ್ನು ತೊಡೆಗೆ ಹಾಕಿಕೊಂಡು ಅವರು ಆಡುತ್ತಿದ್ದ ಮಾತೆಲ್ಲ ಮಹಡಿಯ ಮೇಲೆ ನನಗೆ ಕೇಳುತ್ತಿತ್ತು. ಆ ಮಾತಿನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಹಕಾರ ಮಾತ್ರ ಇರಬೇಕಾದ ಕಡೆ ಇರುತ್ತಿರಲಿಲ್ಲ. ಜೊತೆಗೆ ತರಕಾರಿ ಗಾಡಿಯವನ ಮೇಲೆ, ನಲ್ಲಿಯ ಮೇಲೆ, ಕಾಗೆಯ ಮೇಲೆ ಅವರು ಧಾರಾಳವಾಗಿ ಸುರಿಸುತ್ತಿದ್ದ ಬೈಗುಳಗಳು ಬೇರೆ. ಎಳೆಯ ಕಿವಿಗೆ ಶುದ್ಧವಾದ ಭಾಷೆಯೇ ಬೀಳಬೇಕೆಂಬ ಕಾಳಜಿ ನನ್ನಲ್ಲಿ ಜಾಗೃತವಾಯಿತು. ಬಿಸಿಲು, ಧೂಳು, ನೆಗಡಿ ಎಂದು ಒಂದೊಂದೇ ನೆಪ ತೆಗೆದು ಮಗುವನ್ನು ಕೆಳಗೆ ಕಳುಹಿಸುವುದನ್ನು ನಿಲ್ಲಿಸಿದೆ. ಅವಳ ಕೋಣೆಗೆ ಟೀವಿ ತಂದೆ. ಅದರಲ್ಲಿ ವರ್ಣಮಾಲೆ, ಶಿಶುಗೀತೆ, ಪ್ರಾಣಿಪಕ್ಷಿಗಳ ಹೆಸರು, ಎಲ್ಲವೂ ಅಚ್ಚುಕಟ್ಟಾದ ಉಚ್ಚಾರಣೆಯಲ್ಲಿ ದಿನವಿಡೀ ಬರುವಂತೆ ಏರ್ಪಾಡಾಯಿತು. ತೂತು ಕೊರೆಸಲು ಅಪ್ಪಣೆ ಕೇಳಲು ಹೋದಾಗ ಮುನಿಯಮ್ಮನವರು ಎಲೆಯಡಿಕೆಯನ್ನು ದವಡೆಯ ಒಂದು ಮಗ್ಗುಲಿಗೆ ತಳ್ಳಿ ಹೇಳಿದರು:

“ಗೋಡೆ ಓಗ್ಲಿ ಬಿಡಿ ಮೇಷ್ಟ್ರೇ, ಸಿಮೆಂಟ್ ಅಚ್ಚುದ್ರೆ ಮುಚ್ಕಂತದೆ. ಮಗ ಮಲ್ಗೋ ತಾವ ಟೀವಿ ಯಾಕೆ? ಅದ್ರ ಕುಟ್ಟೆ ಮಾತಾಡಾಕೆ ನಾವೆಲ್ಲಾ ಇಲ್ವಾ?”

ನಾನು ಮುಗುಳ್ನಕ್ಕು ಮೇಲೆ ಬಂದೆ. ಆ ಮುಗುಳ್ನಗೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಟೀವಿಯ ವಿಷಯದಲ್ಲಿ ಅನ್ಯಾಯವಾಗಿ ಮಾತಾಡಬಾರದು. ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಮಂಡಿನೋವಿನ ಗಿರಿಜೆಗೆ ಮಗುವಿನ ಹಿಂದೆ ಓಡುವುದು ತಪ್ಪಿತು. ಟೀವಿಯ ಮುಂದೆ ಕೂರಿಸಿದರೆ ತುತ್ತು ಬಂದಾಗ ಮಗುವಿನ ಬಾಯಿ ತಾನಾಗಿ ತೆರೆಯುತ್ತಿತ್ತು, ಏನು ತಿನ್ನುತ್ತಿದ್ದೇನೆಂಬ ವಿಚಾರಣೆಯೂ ಇಲ್ಲದೆ. ಅದನ್ನು ನೋಡುತ್ತಲೇ ನಿದ್ದೆ, ಎದ್ದ ಕೂಡಲೇ ಮತ್ತೆ ಅದರತ್ತ ಮುಖ. ಎರಡು ತುಂಬುವ ಹೊತ್ತಿಗೆ ಇಂಚರ ಹಾಡತೊಡಗಿದಳು. ಎರಡೂವರೆಗೆ ಇಡೀ ವರ್ಣಮಾಲೆ, ಹನ್ನೆರಡು ತಿಂಗಳು, ಇಪ್ಪತ್ತು ಪ್ರಾಣಿಗಳು. ಶಕಾರ ಷಕಾರಗಳ ವ್ಯತ್ಯಾಸವನ್ನು ಆ ಪುಟ್ಟ ಬಾಯಿ ತೋರಿಸುತ್ತಿದ್ದ ರೀತಿಗೆ ನಾನು ರೋಮಾಂಚಿತನಾಗುತ್ತಿದ್ದೆ. ಮನೆಗೆ ಬಂದ ನೆಂಟರಿಗೆ ಕಾಫಿ ಬರುವ ಮೊದಲು ಮೊಮ್ಮಗಳ ವರ್ಣಮಾಲೆ ಬರುತ್ತಿತ್ತು. ‘ಏನ್ ಜ್ಞಾಪಕಶಕ್ತಿ ಸಾರ್!’ ಎಂದು ಅವರೆಂದರೆ, ‘ಎಲ್ಲ ಅವಳದೇ’ ಎಂದು ನಾನು ವಿನಯದಿಂದ ನನ್ನನ್ನೇ ಹೊಗಳಿಕೊಳ್ಳುತ್ತಿದ್ದೆ.

ಮೊದಲು ಗಮನಿಸಿದವಳು ಸೌಮ್ಯ. ಒಂದು ಭಾನುವಾರ ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: “ಮಾವ, ಇವಳು ಇದುವರೆಗೂ ನನ್ನನ್ನ ಒಂದ್ಸಲಾನೂ ಅಮ್ಮ ಅಂತ ಕರ್ದಿಲ್ಲ.”

“ಅದೇನಮ್ಮ ಹಂಗಂತೀಯ? ‘ಅ ಅಮ್ಮ, ಆ ಆನೆ’ ಅಂತ ದಿನಾ ಹೇಳ್ತಾಳಲ್ಲ!” ಎಂದೆ ನಾನು.

“ಅದು ಅಕ್ಷರಕ್ಕೆ ಹೇಳೋದು ಮಾವ. ನನಗಲ್ಲ.”

ಮೂವತ್ತೈದು ವರ್ಷ ಸಾವಿರಾರು ಪುಟಗಳಲ್ಲಿ ಸೂಕ್ಷ್ಮಾತಿಸೂಕ್ಷ್ಮ ತಪ್ಪುಗಳನ್ನು ಹೆಕ್ಕಿದ ಕಣ್ಣಿಗೆ ಮನೆಯೊಳಗಿನ ಈ ತಪ್ಪು ಕಂಡಿರಲಿಲ್ಲ. ಅಂದಿನಿಂದ ಗಮನಿಸತೊಡಗಿದೆ. ಹುಡುಗಿಗೆ ‘ನೀರು’ ಎಂಬ ಪದ ಗೊತ್ತಿತ್ತು, ಅದರ ಹಾಡೂ ಗೊತ್ತಿತ್ತು. ಬಾಯಾರಿದಾಗ ಮಾತ್ರ ನೀರು ಕೊಡೆಂದು ಕೇಳುತ್ತಿರಲಿಲ್ಲ, ಸುಮ್ಮನೆ ಅಳುತ್ತಿದ್ದಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮೂರು ತುಂಬುತ್ತ ಬಂದ ಮಗು ಅಮ್ಮ, ಅಜ್ಜಿ, ತಾತ ಎಂದು ಯಾರನ್ನೂ, ಯಾವುದಕ್ಕೂ ಕರೆದಿರಲಿಲ್ಲ. ಹಕ್ಕಿಯ ದನಿಯೆಂದು ನಾವೇ ಹೆಸರಿಟ್ಟ ಕೂಸು ಮನೆ ತುಂಬ ಹಾಡುತ್ತಿತ್ತು, ಒಬ್ಬರೊಡನೆಯೂ ಮಾತಾಡುತ್ತಿರಲಿಲ್ಲ.

ಇಂಥ ಸಮಯದಲ್ಲಿ ಸಲಹೆಗಳಿಗೇನು ಬರ? ಗಿರಿಜೆ ಬಜೆಯ ಬೇರು ತೇಯ್ದು ಮಗುವಿನ ನಾಲಿಗೆಗೆ ನೆಕ್ಕಿಸಿದಳು. ಪಾರ್ಕಿನ ನನ್ನ ಮಿತ್ರರೊಬ್ಬರು ತಾವು ಐದನೇ ವರ್ಷದವರೆಗೂ ಮಾತಾಡಿರಲಿಲ್ಲವೆಂದು ಧೈರ್ಯ ಹೇಳಿದರು. ಆಮೇಲೆ ಅವರು ಮಾತು ನಿಲ್ಲಿಸಿಲ್ಲವಾದ್ದರಿಂದ ಆ ಧೈರ್ಯ ಪೂರ್ತಿಯಾಗಿ ಕೇಳಿಕೊಂಡು ಮನೆ ಸೇರಲು ಮಧ್ಯಾಹ್ನವಾಯಿತು. ನೆಂಟರಂತೂ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: ತಾಯಿ ಬೆಳಗಾಗೆದ್ದು ಕೆಲಸಕ್ಕೆ ಹೋದರೆ ಮಗು ಹೀಗಲ್ಲದೆ ಇನ್ನು ಹೇಗಾಗುತ್ತದೆ? ಇದನ್ನು ಅವರು ಸೌಮ್ಯಳ ಎದುರಿಗೇ ಹೇಳಿದರು. ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಟೀವಿ ತಂದವನು ನಾನು, ಮಗುವನ್ನು ಕಟ್ಟೆಯಿಂದ ತಪ್ಪಿಸಿದವನು ನಾನು. ಆದರೂ ನಾನಂದು ಬಾಯಿ ಬಿಡಲಿಲ್ಲ. ನನ್ನ ಬದುಕಿನ ಹಲವು ಹೇಡಿತನಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲಬೇಕು.

ಕೊನೆಗೆ ಮಕ್ಕಳ ಡಾಕ್ಟರಲ್ಲಿಗೆ ಹೋದೆವು. ನಡುವಯಸ್ಸಿನ ಹೆಣ್ಣುಮಗಳು, ಮೆತ್ತಗಿನ ಮಾತಿನವರು. ನಾನು ಅಲ್ಲಿಯೂ ಮೊಮ್ಮಗಳ ವರ್ಣಮಾಲೆಯನ್ನು ಸಾಕ್ಷಿಯಾಗಿ ಹಾಜರುಪಡಿಸಿದೆ. ಅವರು ಪೂರ್ತಿ ಕೇಳಿ, ಮಗುವಿನ ಕಿವಿಯ ಪರೀಕ್ಷೆ ಮಾಡಿಸಿ, ದಿನಕ್ಕೆ ಎಷ್ಟು ಹೊತ್ತು ಟೀವಿ ನೋಡುತ್ತಾಳೆಂದು ಕೇಳಿದರು. ಹಾಲಿನ ಹೊತ್ತು, ತಿಂಡಿಯ ಹೊತ್ತು, ಊಟದ ಹೊತ್ತು, ನಿದ್ದೆಯ ಹೊತ್ತು ಎಂದು ನಾವು ಹೇಳುತ್ತ ಹೋದಂತೆ ದಿನದಲ್ಲಿ ಇನ್ನೇನೂ ಉಳಿಯುವುದಿಲ್ಲವೆಂದು ನಮಗೇ ಗೊತ್ತಾಯಿತು.

“ಅಂಕಲ್, ಇವಳ ಕಿವಿ ಚೆನ್ನಾಗಿದೆ, ಜ್ಞಾಪಕಶಕ್ತಿ ನೀವು ಹೇಳಿದಂಗೆ ತುಂಬಾ ಚೆನ್ನಾಗಿದೆ,” ಎಂದರು ಡಾಕ್ಟರು. “ಆದ್ರೆ ಟೀವಿಗೆ ಇವಳೇನೇ ಹೇಳಿದ್ರೂ ಅದು ತನ್ನ ಪಾಡಿಗೆ ತಾನು ಹಾಡ್ತಾ ಹೋಗುತ್ತೆ, ಉತ್ತರ ಕೊಡಲ್ಲ. ಮಾತಾಡಿದ್ರೆ ಉತ್ತರ ಬರುತ್ತೆ ಅಂತ ಇವಳಿಗೆ ಗೊತ್ತೇ ಇಲ್ಲ. ಎಲ್ಲ ಮಕ್ಕಳಲ್ಲೂ ಕಾರಣ ಇದೇ ಅಂತ ಹೇಳಕ್ಕಾಗಲ್ಲ. ಮೊದಲು ರೂಮಿಂದ ಟೀವಿ ತೆಗೀರಿ, ಜನರ ಜೊತೆ ಬಿಡಿ. ಮೂರು ತಿಂಗಳು ನೋಡೋಣ. ಆಗಲೂ ಹಿಂಗೇ ಇದ್ರೆ ಮುಂದಿನ ಪರೀಕ್ಷೆಗಳು ಬೇಕಾಗುತ್ತೆ.”

ಮನೆಗೆ ಬರುವ ಆಟೋದಲ್ಲಿ ಕೂತು ನಾನು ಒಂದು ತಪ್ಪೊಪ್ಪಿಗೆಯ ಭಾಷಣವನ್ನು ಮನಸ್ಸಿನಲ್ಲೇ ರಚಿಸಿ, ತಿದ್ದಿ, ಎರಡನೆಯ ಕರಡಿಗೆ ತಂದಿದ್ದೆ. ಅದನ್ನು ಆರಂಭಿಸುವಷ್ಟರಲ್ಲಿ ಸೌಮ್ಯ ಕೈಕಾಲು ತೊಳೆದು, ಸ್ಟೂಲು ಎಳೆದುಕೊಂಡು, ಸ್ಕ್ರೂಡ್ರೈವರ್ ಹಿಡಿದು ಟೀವಿಯ ಪಕ್ಕ ಹತ್ತಿ ನಿಂತಿದ್ದಳು. “ಸೌಮ್ಯ, ತಪ್ಪು ನಂದೇ ಕಣಮ್ಮ,” ಎಂದಷ್ಟೇ ಬಾಯಿಂದ ಬಂತು. ಅವಳು ತಿರುಗಿ ನನ್ನನ್ನು ನೋಡಿದಳು. ಕಣ್ಣು ಕೆಂಪಗಿದ್ದವು. “ನೀವು ಕೆಟ್ಟದಾಗ್ಲಿ ಅಂತ ಮಾಡ್ಲಿಲ್ಲ ಮಾವ. ಈ ಸ್ಕ್ರೂ ಹಿಡ್ಕೊಳ್ಳಿ, ಕಳೆದುಹೋಗುತ್ತೆ,” ಎಂದು ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕಿದಳು. ಆಕ್ಷೇಪಿಸುವ ಹಕ್ಕು ಸಂಪೂರ್ಣವಾಗಿ ತನ್ನದಾಗಿದ್ದಾಗ ಅದನ್ನು ಬಳಸದೆ ಕೆಲಸಕ್ಕೆ ತೊಡಗುವವರನ್ನು ನಾನು ಹೆಚ್ಚು ಕಂಡಿಲ್ಲ. ಅಂದು ನನ್ನ ಸೊಸೆಯ ಮೇಲೆ ನನಗೆ ಹುಟ್ಟಿದ ಗೌರವವನ್ನು ಅವಳಿಗೆ ಇನ್ನೂ ಹೇಳಿಲ್ಲ; ಇಲ್ಲಿ ಬರೆದರೆ ಓದಿಯಾಳೆಂಬ ಆಸೆ.

ಮುಂದಿನ ದಿನಗಳನ್ನು ವರ್ಣಿಸುವುದು ಕಷ್ಟ. ಇಂಚರ ನಾಲ್ಕು ತೂತುಗಳಿದ್ದ ಬರಿಗೋಡೆಯ ಮುಂದೆ ಕೂತು ಹಾಡುತ್ತಿದ್ದಳು, ಗೋಡೆ ಹಾಡದಿದ್ದಾಗ ಕಿರುಚುತ್ತಿದ್ದಳು. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ನಾಲ್ಕನೆಯ ದಿನ ಮುನಿಯಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಂದರು.

“ಏನ್ ಮೇಷ್ಟ್ರೇ, ಮಗ ಇಂಗ್ ಬಡ್ಕಂತಾ ಐತೆ, ಇಲ್ಲೇ ಮಡಿಕ್ಕಂಡು ಕುಂತಿದ್ದೀರಲ್ಲ! ಬಾರವ್ವ ನನ್ ಕಂದ, ನಾವ್ ಓಗಾನ.”

ನನ್ನ ಉತ್ತರಕ್ಕೆ ಕಾಯದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಇಳಿದೇಬಿಟ್ಟರು. ನಾನು ವೃತ್ತಪತ್ರಿಕೆ ಹಿಡಿದು ಹಿಂದೆಯೇ ಹೋಗಿ ಕಟ್ಟೆಯ ಕೊನೆಯಲ್ಲಿ ಕೂತೆ. ಅಂದಿನಿಂದ ಅದೇ ನನ್ನ ದಿನಚರಿಯಾಯಿತು.

ಅಲ್ಲಿ ಕೂತು ನಾನು ಕಂಡದ್ದು ಒಂದು ವಿದ್ಯೆ. ಮುನಿಯಮ್ಮನವರು ಮಗುವಿಗೆ ಏನನ್ನೂ ಕಲಿಸುತ್ತಿರಲಿಲ್ಲ. ಅವರು ಅವಳನ್ನು ಕೇಳುತ್ತಿದ್ದರು. ‘ಈ ಕಾಗೆ ಯಾಕ್ ಬಂತು? ನಿಂಗೇನಾರ ಏಳ್ತಾ?’ ಎಂದು ಕೇಳಿ, ಆಮೇಲೆ ಕಾಯುತ್ತಿದ್ದರು. ಸುಮ್ಮನೆ ಕಾಯುವುದಲ್ಲ, ಸಾಲದ ಅರ್ಜಿಗೆ ಬ್ಯಾಂಕ್ ಮ್ಯಾನೇಜರರ ಉತ್ತರಕ್ಕೆ ಕಾಯುವವರಂತೆ ಹುಬ್ಬು ಮೇಲೇರಿಸಿ, ಮಗುವಿನ ಮುಖವನ್ನೇ ನೋಡುತ್ತ, ಶ್ರದ್ಧೆಯಿಂದ ಕಾಯುತ್ತಿದ್ದರು. ಉತ್ತರ ಬರದಿದ್ದರೆ ‘ಓ, ಅಂಗಾ!’ ಎಂದು ಬಂದದ್ದಾಗಿಯೇ ತಿಳಿದು ಮುಂದುವರಿಯುತ್ತಿದ್ದರು. ಮೊದಮೊದಲು ಅವರ ಒಂದೊಂದು ಮಾತಿಗೂ ನನ್ನ ಕೈ ಜೇಬಿನ ಕೆಂಪು ಪೆನ್ನಿನತ್ತ ಹೋಗುತ್ತಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ನಾನೂ ಅವರ ಜೊತೆಗೆ ಉತ್ತರಕ್ಕಾಗಿ ಕಾಯತೊಡಗಿದ್ದೆ.

ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂತು. ನಮ್ಮ ಕಡೆ ಚಳಿ ಬಿತ್ತೆಂದರೆ ಮನುಷ್ಯರು ಅವರೆಕಾಯಿಯ ಮೂಲಕವೇ ಪರಸ್ಪರ ಸಂಧಿಸುತ್ತಾರೆ. ಮುನಿಯಮ್ಮನವರ ಅಂಗಳದಲ್ಲಿ ಸೊಗಡಿನ ಕಾಯಿ ರಾಶಿಯಾಗಿ ಬೀಳುತ್ತದೆ. ಅಕ್ಕಪಕ್ಕದ ಹೆಂಗಸರು ತಂತಮ್ಮ ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಸುತ್ತ ಕೂರುತ್ತಾರೆ. ಕಾಯಿ ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿ, ಉಬ್ಬಿದ ಮೇಲೆ ಒಂದೊಂದನ್ನೂ ಹೆಬ್ಬೆಟ್ಟು ತೋರುಬೆರಳ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲುಳಿದು ಒಳಗಿನ ಬೇಳೆ ಚಿಮ್ಮುತ್ತದೆ. ಹಿತಕಿದ ಬೇಳೆಯ ಸಾರು ಉಣ್ಣಲು ಹತ್ತು ನಿಮಿಷ ಸಾಕು, ಹಿಸುಕಲು ಅರ್ಧ ದಿನ ಬೇಕು. ಈ ಅರ್ಧ ದಿನವೇ ಆ ಅಡುಗೆಯ ಸಾರವೆಂದು ನನಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಇಂಚರಳ ಮುಂದೆಯೂ ಒಂದು ಪುಟ್ಟ ಬಟ್ಟಲಿಟ್ಟರು. ಅವಳು ಬಹಳ ಹೊತ್ತು ಎಲ್ಲರ ಬೆರಳುಗಳನ್ನೇ ನೋಡಿ, ಒಂದು ಕಾಳೆತ್ತಿಕೊಂಡು ಎರಡೂ ಕೈಯಿಂದ ಹಿಸುಕಿದಳು. ಬೇಳೆ ಹಾರಿ ಬಂದು ನನ್ನ ಕನ್ನಡಕದ ಗಾಜಿಗೆ ತಗುಲಿತು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಗು ಬೆಚ್ಚಿ ಒಬ್ಬೊಬ್ಬರ ಮುಖವನ್ನೂ ನೋಡಿತು. ಮುನಿಯಮ್ಮನವರ ಮುಖ, ಗಿರಿಜೆಯ ಮುಖ, ಕನ್ನಡಕ ಒರೆಸುತ್ತಿದ್ದ ನನ್ನ ಮುಖ. ಈ ನಗು ತಾನು ಮಾಡಿದ್ದಕ್ಕೆ ಬಂದದ್ದೆಂದು ಅವಳಿಗೆ ಹೊಳೆದ ಗಳಿಗೆಯನ್ನು ನಾನು ಕಣ್ಣಾರೆ ಕಂಡೆ. ಆ ಗೋಡೆಯ ಮೇಲಿನ ಆನೆ, ಮೊಲ, ಚಂದ್ರ ಯಾರೂ ಒಂದೂವರೆ ವರ್ಷದಲ್ಲಿ ಒಮ್ಮೆಯೂ ಅವಳು ಮಾಡಿದ್ದಕ್ಕೆ ನಕ್ಕಿರಲಿಲ್ಲ. ಅವಳು ಇನ್ನೊಂದು ಕಾಳೆತ್ತಿಕೊಂಡಳು, ನನ್ನತ್ತಲೇ ಗುರಿಯಿಟ್ಟಳು. ನಾನು ಕನ್ನಡಕ ಹಾಕಿಕೊಂಡು ಎದೆಯೊಡ್ಡಿ ಕೂತೆ.

ಅದೇ ವಾರ, ಮುನಿಯಮ್ಮನವರು ಅವಳ ಬಟ್ಟಲಿಗೆ ಕೈಹಾಕಿ ‘ನಂಗೆ ಕೊಡ್ತೀಯಾ?’ ಎಂದು ಕೇಳಿ ಎಂದಿನಂತೆ ಕಾಯುತ್ತಿದ್ದಾಗ, ಇಂಚರ ಬಟ್ಟಲನ್ನು ಎದೆಗವಚಿಕೊಂಡು “ಬ್ಯಾಡ” ಎಂದಳು. ಲೋಕದಲ್ಲಿ ಯಾವ ನಿರಾಕರಣೆಗೂ ಇಷ್ಟು ಸಂಭ್ರಮದ ಸ್ವಾಗತ ಸಿಕ್ಕಿರಲಾರದು. ನಾನು ಔಷಧಿ ಅಂಗಡಿಗೆ ಫೋನ್ ಮಾಡಿ, “ಸೌಮ್ಯ, ಬ್ಯಾಡ ಅಂದ್ಲು ಕಣಮ್ಮ!” ಎಂದು ಕೂಗಿದೆ, ಹೇಳಿದ್ದನ್ನು ಹೇಳಿದಂತೆಯೇ, ಒಂದಕ್ಷರ ತಿದ್ದದೆ. ಮತ್ತೆರಡು ವಾರಕ್ಕೆ ‘ನೀರು’ ಬಂತು, ‘ಅಜ್ಜಿ’ ಬಂತು. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಮುಳುಗಿದ್ದ ನನ್ನ ಪಂಚೆಯನ್ನು ಯಾರೋ ಜಗ್ಗಿದರು. ನೋಡಿದರೆ ಮೊಮ್ಮಗಳು. “ಮೇಟ್ರೇ,” ಎಂದು ಕರೆದು, ಹುಬ್ಬು ಮೇಲೇರಿಸಿ, ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಾಳೆ. ತಾತ ಎನ್ನಬೇಕೆಂದು ನಾನು ಹೇಳಿಕೊಡಲಿಲ್ಲ. ಪತ್ರಿಕೆ ಮಡಿಸಿಟ್ಟು, “ಏನವ್ವಾ?” ಎಂದೆ.

ಆದರೆ ಅಮ್ಮ ಎಂಬ ಕರೆ ಬರಲಿಲ್ಲ. ಸೌಮ್ಯ ಕೆಲಸಕ್ಕೆ ಹೊರಡುವಾಗ ಮಗು ಇನ್ನೂ ನಿದ್ದೆಗಣ್ಣಿನಲ್ಲಿರುತ್ತಿತ್ತು, ಮರಳುವಾಗ ಮತ್ತೆ ನಿದ್ದೆಗೆ ವಾಲುತ್ತಿತ್ತು. ಅಂಗಳದ ಗದ್ದಲದಲ್ಲಿ ಅವಳಿಗೆ ಪಾಲಿರಲಿಲ್ಲ. ಭಾನುವಾರ ಒಂದು ದಿನ ಎಷ್ಟು ತಾನೆ ಸಾಕಾದೀತು? ‘ಮೇಟ್ರೇ’ ಸುದ್ದಿ ಹೇಳಿದಾಗ ಸೌಮ್ಯ ಮನಸಾರೆ ನಕ್ಕು, “ನನ್ನ ಸರದಿನೂ ಬರುತ್ತೆ ಬಿಡಿ ಮಾವ,” ಎಂದು ಅಡುಗೆಮನೆಗೆ ಹೋಗಿ, ಗಿರಿಜೆ ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೊಮ್ಮೆ ತೊಳೆದಳು. ಡಾಕ್ಟರು ಹೇಳಿದ್ದ ಮೂರು ತಿಂಗಳು ಮುಗಿಯಲು ಇನ್ನು ಕೆಲವೇ ದಿನಗಳಿದ್ದವು. ಮಗು ಎರಡು ಪದಗಳನ್ನು ಜೋಡಿಸುತ್ತಿತ್ತು, ಅಷ್ಟೇ. ಇನ್ನೂ ದಾರಿ ದೂರವಿದೆಯೆಂದು ನಮಗೆಲ್ಲ ಗೊತ್ತಿತ್ತು.

ಸಂಕ್ರಾಂತಿಗೆ ಮುಂಚಿನ ಒಂದು ಶನಿವಾರ ಸೌಮ್ಯ ಅರ್ಧ ದಿನ ರಜೆ ಕೇಳಿಕೊಂಡು ಮೂರು ಗಂಟೆಗೇ ಬಂದಳು. ನಾವೆಲ್ಲ ಅಂಗಳದಲ್ಲಿ ಆ ಸಲದ ಕೊನೆಯ ಅವರೆಕಾಳು ಹಿಸುಕುತ್ತ ಕೂತಿದ್ದೆವು. ಸ್ಕೂಟರ್ ಗೇಟಿನ ಬಳಿ ನಿಂತದ್ದೇ ಇಂಚರ ತಲೆಯೆತ್ತಿದಳು. ಆ ಹೊತ್ತಿನಲ್ಲಿ ಬಾರದವಳು ಬಂದದ್ದನ್ನು ಕಂಡು ಎದ್ದಳು, ಬಟ್ಟಲಿನಿಂದ ಏನನ್ನೋ ಮುಷ್ಟಿಯಲ್ಲಿ ಹಿಡಿದು ಗೇಟಿನತ್ತ ಓಡಿದಳು.

“ಅಮ್ಮಾ!”

ಸೌಮ್ಯ ಒಂದು ಕಾಲು ನೆಲಕ್ಕೆ ಇಟ್ಟವಳು ಹಾಗೆಯೇ ನಿಂತಳು.

“ಅಮ್ಮಾ, ಬಾ. ನೋಡು.”

ಮುಷ್ಟಿ ಬಿಚ್ಚಿತು. ಅಂಗೈಯಲ್ಲಿ ಒಂದು ಹಸಿರು ಬೇಳೆಯಿತ್ತು. ಸೌಮ್ಯ ಸ್ಕೂಟರಿಗೆ ಸ್ಟ್ಯಾಂಡು ಹಾಕಿದಳೋ ಇಲ್ಲವೋ, ಮಗುವಿನ ಕೈಹಿಡಿದು ಬಂದು ನಮ್ಮ ನಡುವೆ ನೆಲದ ಮೇಲೆ ಕೂತುಬಿಟ್ಟಳು, ಹೆಲ್ಮೆಟ್ ಕೂಡ ತೆಗೆಯದೆ. ಮುನಿಯಮ್ಮನವರು ಏನೂ ಆಗದವರಂತೆ ಕಾಳಿನ ಪಾತ್ರೆಯನ್ನು ಅವಳತ್ತ ತಳ್ಳಿ, “ತಕ, ನೀನೂ ನಾಕ್ ಇತ್ಕು,” ಎಂದರು. ಸೌಮ್ಯ ತಲೆ ಬಗ್ಗಿಸಿಕೊಂಡು ಹಿಸುಕತೊಡಗಿದಳು. ಹೆಲ್ಮೆಟ್ಟಿನ ಕಪ್ಪು ಗಾಜನ್ನು ಬಹಳ ಹೊತ್ತು ಮೇಲೆತ್ತಲಿಲ್ಲ. ಎಲ್ಲರೂ ತಂತಮ್ಮ ಕೈಯ ಕಾಳನ್ನೇ ನೋಡುತ್ತ ಕೂತೆವು.

ಇಂಚರಳಿಗೆ ಅದು ಸರಿಬರಲಿಲ್ಲ. ಅವಳು ಅಮ್ಮನ ಮಡಿಲೇರಿ, ಆ ಗಾಜಿಗೆ ಮುಖ ತಾಗಿಸಿ ಒಳಗೆ ಇಣುಕಿದಳು. ಏನೂ ಕಾಣದೆ, ಒದ್ದೆ ಬೆರಳಿನಿಂದ ಟಕಟಕನೆ ಬಡಿದು, “ಅಮ್ಮಾ,” ಎಂದು ಮತ್ತೊಮ್ಮೆ ಕರೆದು ಕಾಯತೊಡಗಿದಳು.

ಗಾಜು ಮೇಲೆ ಹೋಯಿತು. “ಏನೇ, ನನ್ ಕಂದ?” ಎಂದಳು ಸೌಮ್ಯ.